ಗದ್ದಲದ ರಿಪೇರಿ ಅಗ್ಗ, ಸದ್ದಿಲ್ಲದ್ದು ದುಬಾರಿ

ಜೂನ್ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಒಂದು ಗಡಿಬಿಡಿ ಶುರು. ಊರಿಂದ ಅಪ್ಪ–ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ಶಾಲೆ ರಜ. ಯೆಲ್ಲೊಸ್ಟೋನ್ ತೋರಿಸದೆ ವಾಪಸ್ ಕಳಿಸುವುದು ಹೇಗೆ? ಅಮ್ಮನಿಗೆ ಹೋಟೆಲಿನ ಬ್ರೆಡ್ಡು ಒಗ್ಗದು, ಅಪ್ಪನಿಗೆ ದಾರಿಯಲ್ಲಿ ಪದೇ ಪದೇ ಬಚ್ಚಲು ಬೇಕು. ಹೀಗಾಗಿ ಆರ್‌ವಿ. ಅಡುಗೆಮನೆ, ಮಂಚ, ಬಚ್ಚಲು, ಫ್ರಿಜ್ಜು ಎಲ್ಲವನ್ನೂ ಹೊತ್ತು ತಾನೇ ಓಡುವ ಮೋಟರ್‌ಹೋಮ್ ಒಂದು ಬಗೆ, ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಇನ್ನೊಂದು. ಮೊದಲು ಬಾಡಿಗೆಗೆ ತಂದವರು ಬರಬರುತ್ತಾ ಒಂದನ್ನು ಕೊಂಡೇ ಬಿಡುತ್ತಾರೆ.

ಕೊಂಡಮೇಲೆ ಪಾಠ ಶುರು. ಮನೆಯ ವೈರಿಂಗ್, ನಲ್ಲಿ, ಗ್ಯಾಸ್, ಚಾವಣಿ, ಬಚ್ಚಲ ಗುಂಡಿ ಎಲ್ಲವೂ ಇದರಲ್ಲಿವೆ. ಸಾಲದ್ದಕ್ಕೆ ಇವೆಲ್ಲ ಗಂಟೆಗೆ 60 ಮೈಲಿ ವೇಗದಲ್ಲಿ ಕುಲುಕುತ್ತಾ ಓಡುತ್ತವೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಇದರ ಹುಚ್ಚು ಹಿಡಿದು, 2021ರಲ್ಲಿ ಉತ್ತರ ಅಮೆರಿಕದ ಕಾರ್ಖಾನೆಗಳಿಂದ ಸುಮಾರು 6 ಲಕ್ಷ ಗಾಡಿಗಳು ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾದವು. ಅವುಗಳ ವಾರಂಟಿ ಮುಗಿದು ಎಷ್ಟೋ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿವೆ. ಬೇಸಿಗೆಯಲ್ಲಿ ವರ್ಕ್‌ಶಾಪಿಗೆ ಫೋನ್ ಮಾಡಿದರೆ ವಾರಗಟ್ಟಲೆ ಕಾಯಬೇಕು. ಹೀಗಿರುವಾಗ ಅರ್ಧ ಕೆಲಸವನ್ನಾದರೂ ಮಾಲೀಕನೇ ತಿಳಿದಿರಬೇಕಾಗುತ್ತದೆ.

ಗೆಳೆಯರು ಕಾಡಿನ ನಡುವೆ ನಿಂತು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಒಟ್ಟು ಹಾಕಿದರೆ ನನಗೆ ಎರಡು ಮಾತು ಹೊಳೆಯುತ್ತವೆ. ಹೀಟರ್ ಬರುತ್ತಿಲ್ಲ, ಫ್ರಿಜ್ಜು ತಣ್ಣಗಾಗುತ್ತಿಲ್ಲ, ಬಿಸಿನೀರಿಲ್ಲ ಎಂದು ರಂಪ ಮಾಡುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಉಪಕರಣ ಕೆಟ್ಟಿರುವುದಲ್ಲ, ಅದಕ್ಕೆ ಬೇಕಾದ್ದು ತಲುಪದಿರುವುದು. ಇದು ಒಂದು. ನಿಜವಾಗಿ ಗಾಡಿಯನ್ನು ಮುಗಿಸುವ ತೊಂದರೆಗಳು ಸದ್ದೇ ಮಾಡುವುದಿಲ್ಲ. ಇದು ಇನ್ನೊಂದು. ನಮ್ಮ ದುಡ್ಡು, ತಲೆನೋವು ಎಲ್ಲ ಮೊದಲನೆಯದಕ್ಕೆ ಖರ್ಚಾಗುತ್ತವೆ. ಎರಡನೆಯದನ್ನು ನೋಡುವವರೇ ಇಲ್ಲ.

12 ವೋಲ್ಟಿನ ದರ್ಬಾರು

ಆರ್‌ವಿಯಲ್ಲಿ ಕರೆಂಟು ಎರಡು ಬಗೆ. ಕ್ಯಾಂಪ್‌ಗ್ರೌಂಡಿನ ಕಂಬದಿಂದ ಬರುವ 120 ವೋಲ್ಟಿನದು ಎ.ಸಿ., ಮೈಕ್ರೊವೇವ್, ಗೋಡೆಯ ಸಾಕೆಟ್ಟುಗಳಿಗೆ. ಬ್ಯಾಟರಿಯ 12 ವೋಲ್ಟಿನದು ದೀಪ, ನೀರಿನ ಪಂಪು, ಫ್ಯಾನುಗಳಿಗೆ. ಕಂಬಕ್ಕೆ ಪ್ಲಗ್ ಹಾಕಿದಾಗ ಕನ್ವರ್ಟರ್ ಎಂಬ ಪೆಟ್ಟಿಗೆ 120 ವೋಲ್ಟನ್ನು ಇಳಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಇಷ್ಟು ಬಹುತೇಕರಿಗೆ ಗೊತ್ತು. ಗೊತ್ತಿಲ್ಲದಿರುವುದು ಏನೆಂದರೆ, ಗ್ಯಾಸಿನಲ್ಲಿ ನಡೆಯುವ ಫರ್ನೇಸ್, ವಾಟರ್ ಹೀಟರ್, ಫ್ರಿಜ್ಜುಗಳಿಗೂ ಅಪ್ಪಣೆ ಕೊಡುವುದು ಇದೇ 12 ವೋಲ್ಟು. ಸಿಲಿಂಡರ್ ತುಂಬಿದ್ದರೂ ಬ್ಯಾಟರಿ ಸೊರಗಿದರೆ ಅವೆಲ್ಲ ಮುಷ್ಕರ ಹೂಡುತ್ತವೆ.

ಫರ್ನೇಸನ್ನೇ ಹತ್ತಿರದಿಂದ ನೋಡೋಣ. ಬೆಟ್ಟದ ಮೇಲಿನ ಕ್ಯಾಂಪ್, ಹೊರಗೆ ಹೆಪ್ಪುಗಟ್ಟುವ ಚಳಿ, ಬೆಳಗಿನ ಜಾವ. ಥರ್ಮೋಸ್ಟ್ಯಾಟ್ ‘ಟಿಕ್’ ಎನ್ನುತ್ತದೆ, ಫ್ಯಾನು ತಿರುಗುತ್ತದೆ, ಆದರೆ ಕಿಂಡಿಯಿಂದ ಬರುವುದು ತಣ್ಣನೆ ಗಾಳಿ. ‘ಗ್ಯಾಸ್ ಮುಗೀತು ಕಣೋ’ ಎಂದು ಅಪ್ಪ ಶಾಲು ಹೊದೆಯುತ್ತಾರೆ. ಗ್ಯಾಸ್ ಮುಗಿದಿರುವುದಿಲ್ಲ. ಫರ್ನೇಸಿನ ಕ್ರಮ ಹೀಗಿದೆ: ಮೊದಲು ಫ್ಯಾನು ತಿರುಗಿ ಒಳಗಿನ ಹಳೆ ಗಾಳಿಯನ್ನು ಹೊರಹಾಕಬೇಕು. ಆ ಗಾಳಿಯ ಒತ್ತಡಕ್ಕೆ ಒಂದು ತೆಳು ತಗಡು ಸರಿದು ಸ್ವಿಚ್ ಒತ್ತಬೇಕು. ಇದರ ಹೆಸರು ಸೇಲ್ ಸ್ವಿಚ್. ಅದು ಒತ್ತಿಕೊಂಡರೆ ಮಾತ್ರ ಗ್ಯಾಸಿನ ವಾಲ್ವ್ ತೆರೆದು ಕಿಡಿ ಹಾರುತ್ತದೆ. ಬ್ಯಾಟರಿ ಸೊರಗಿದ್ದರೆ ಫ್ಯಾನು ತಿರುಗೇನೋ ತಿರುಗುತ್ತದೆ, ಆದರೆ ತಗಡನ್ನು ಸರಿಸುವಷ್ಟು ಜೋರಾಗಿ ಅಲ್ಲ. ಗಾಳಿ ಸಾಲದೆ ಬೆಂಕಿ ಹೊತ್ತಬಾರದು ಎಂದೇ ಮಾಡಿಟ್ಟ ಏರ್ಪಾಡು ಇದು. ಯಂತ್ರ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ, ನಾವು ಅದನ್ನು ಬೈಯುತ್ತಿದ್ದೇವೆ.

ಪತ್ತೆ ಹಚ್ಚಲು ಕಿವಿ ಸಾಕು. ಫ್ಯಾನು ಶುರುವಾಗಿ ಅರ್ಧ ನಿಮಿಷದೊಳಗೆ ‘ಟಕ್ ಟಕ್ ಟಕ್’ ಎಂಬ ಕಿಡಿಯ ಸದ್ದು ಕೇಳಿಸಿ ಬೆಂಕಿ ಹತ್ತದಿದ್ದರೆ ಗ್ಯಾಸಿನ ಕಡೆ ನೋಡಿ. ಕಿಡಿಯ ಸದ್ದೇ ಬರದಿದ್ದರೆ ಗಾಳಿ ಸಾಲುತ್ತಿಲ್ಲ. ಮೋಟರ್‌ಹೋಮ್ ಆದರೆ ಎಂಜಿನ್ ಚಾಲೂ ಮಾಡಿ, ಜನರೇಟರ್ ಇದ್ದರೆ ಅದನ್ನು ಹಾಕಿ. ವೋಲ್ಟೇಜ್ ಏರುತ್ತಿದ್ದಂತೆ ಫರ್ನೇಸ್ ಹೊತ್ತಿಕೊಂಡರೆ ಅಪರಾಧಿ ಬ್ಯಾಟರಿಯೇ. ಆಗಲೂ ಹೊತ್ತದಿದ್ದರೆ, ಯಾರೋ ಕಿಂಡಿಗೆ ಅಡ್ಡವಾಗಿ ಹಾಸಿಗೆ ಒತ್ತರಿಸಿದ್ದಾರೆಯೇ, ಸ್ವಿಚ್ಚಿಗೆ ನಾಯಿಕೂದಲು, ಧೂಳು ಮೆತ್ತಿದೆಯೇ ನೋಡಿ.

ಬ್ಯಾಟರಿ ಒಂದೇ ರಾತ್ರಿಯಲ್ಲಿ ಯಾಕೆ ಸೊರಗುತ್ತದೆ? ಲೆಕ್ಕ ಹಾಕಿ. ಫರ್ನೇಸಿನ ಫ್ಯಾನು 8 ಆಂಪ್ಸ್ ಆಸುಪಾಸು ಎಳೆಯುತ್ತದೆ. ಚಳಿರಾತ್ರಿ ಒಟ್ಟು 5 ಗಂಟೆ ತಿರುಗಿದರೆ 40 ಆಂಪ್–ಅವರ್. ಗಾಡಿಯೊಂದಿಗೆ ಬರುವ ಸಾಮಾನ್ಯ ಲೆಡ್–ಆಸಿಡ್ ಬ್ಯಾಟರಿಯ ಮೇಲೆ 100 ಎಂದು ಬರೆದಿದ್ದರೂ ಅದರಲ್ಲಿ ಬಳಸಬಹುದಾದದ್ದು ಅರ್ಧ; ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಫರ್ನೇಸ್ ಒಂದೇ 40 ತಿಂದಮೇಲೆ ಉಳಿಯುವುದೇನು? ಗೋಡೆಯ ಮೇಲೆ ನಾಲ್ಕು ಹಸಿರು ದೀಪ ತೋರಿಸುವ ಮೀಟರನ್ನು ನಂಬಬೇಡಿ. ಚಾರ್ಜರ್ ತೆಗೆದು, ದೀಪ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.6ರ ಮೇಲಿದ್ದರೆ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ, 12ರ ಕೆಳಗಿಳಿದರೆ ಕೂಡಲೇ ಚಾರ್ಜ್ ಮಾಡಬೇಕು. ಈಗ ಚಾಲ್ತಿಗೆ ಬಂದಿರುವ ಲಿಥಿಯಂ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ. ಅದು ಖಾಲಿಯಾಗುವ ತನಕ 13ರ ಹತ್ತಿರವೇ ಆಡುತ್ತಿರುತ್ತದೆ. ಅದರ ಕಷ್ಟವೇ ಬೇರೆ: 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ಗಾಡಿಯೊಳಗೆ ಏನೂ ನಡೆಯುತ್ತಿಲ್ಲ ಎಂದಾದರೆ ಗಾಬರಿಯಾಗುವ ಮುನ್ನ ಬಾಗಿಲ ಹತ್ತಿರದ ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ ಹುಡುಕಿ. ಮಕ್ಕಳು ಚೀಲ ಎಳೆಯುವಾಗ ತಗುಲಿ ಅದು ಆಫ್ ಆಗಿರುವುದು ಅಪರೂಪವೇನಲ್ಲ. ಗೋಡೆಯಿಂದ ಹೊರಕ್ಕೆ ಚಾಚಿ ಕೋಣೆಯನ್ನು ದೊಡ್ಡದು ಮಾಡುವ ಸ್ಲೈಡನ್ನು ಮಾತ್ರ ಸೊರಗಿದ ಬ್ಯಾಟರಿಯಲ್ಲಿ ಎಂದೂ ಎಳೆಯಬೇಡಿ. ಅರ್ಧಕ್ಕೆ ನಿಂತರೆ ಗಾಡಿ ಕದಲಿಸುವ ಹಾಗಿಲ್ಲ. ಕೈಯಿಂದ ಎಳೆಯುವ ವ್ಯವಸ್ಥೆ ಎಲ್ಲಿದೆ ಎಂಬುದನ್ನು ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಕಂಬದ ಕರೆಂಟಿನ ಲೆಕ್ಕ

ಕ್ಯಾಂಪ್‌ಗ್ರೌಂಡಿನ ಕಂಬದಲ್ಲಿ 30 ಆಂಪ್ಸ್, 50 ಆಂಪ್ಸ್ ಎಂಬ ಎರಡು ಬಗೆಯ ಸಾಕೆಟ್ಟುಗಳಿರುತ್ತವೆ. 50 ಎಂದರೆ 30ರ ಒಂದೂವರೆ ಪಟ್ಟಿಗೆ ಸ್ವಲ್ಪ ಮೇಲೆ ಅಂದುಕೊಳ್ಳುವುದು ಸಹಜ. ಹಾಗಲ್ಲ. 30ರದ್ದು ಒಂದೇ ಲೈನು, 120 ವೋಲ್ಟಿನಲ್ಲಿ 3,600 ವಾಟ್. 50ರದ್ದು ಎರಡು ಲೈನು, ತಲಾ 50. ಒಟ್ಟು 12,000 ವಾಟ್.

30ರ ಗಾಡಿಯಲ್ಲಿ ನಮ್ಮ ಅಡುಗೆ ನಡೆಯಬೇಕಾದರೆ ಗೃಹಿಣಿಗೆ ಆಂಪ್ಸ್ ಬಾಯಿಪಾಠ ಇರಬೇಕು. ಚಾವಣಿಯ ಎ.ಸಿ. 13ರ ಸುತ್ತ ಎಳೆಯುತ್ತದೆ. 1,800 ವಾಟಿನ ಇಂಡಕ್ಷನ್ ಒಲೆ 15. ಅಲ್ಲಿಗೆ 28 ಆಯಿತು. ವಾಟರ್ ಹೀಟರಿನ ಕರೆಂಟ್ ಸ್ವಿಚ್ಚನ್ನು ಯಾರೋ ಹಾಕಿದ್ದರೆ ಇನ್ನೂ 12. ಸಾರು ಕುದಿಯುವ ಮೊದಲೇ ಬ್ರೇಕರ್ ಬೀಳುತ್ತದೆ. ಪರಿಹಾರ ಸುಲಭ: ಅಡುಗೆಯ ಹೊತ್ತಿನಲ್ಲಿ ವಾಟರ್ ಹೀಟರನ್ನು ಗ್ಯಾಸಿಗೆ ಹಾಕಿ, ಮೈಕ್ರೊವೇವ್ ಹಾಗೂ ಹೇರ್ ಡ್ರೈಯರನ್ನು ಎ.ಸಿ. ಜೊತೆ ಒಟ್ಟಿಗೆ ಓಡಿಸಬೇಡಿ. ಊರಿಂದ ತಂದ 230 ವೋಲ್ಟಿನ ಮಿಕ್ಸಿಯನ್ನು ಇಲ್ಲಿ ನೇರವಾಗಿ ಹಾಕಿದರೆ ಚಟ್ನಿ ಆಗುವುದಿಲ್ಲ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ಆರ್‌ವಿಯಲ್ಲೂ ಅದೇ ನಿಯಮ.

ಕೆಲವು ಸಾಕೆಟ್ಟುಗಳಲ್ಲಿ ಮಾತ್ರ ಕರೆಂಟಿಲ್ಲ, ಬ್ರೇಕರ್ ಬಿದ್ದಿಲ್ಲ ಎಂದಾದರೆ ಬಚ್ಚಲುಮನೆಯ ಸಾಕೆಟ್ ನೋಡಿ. ನಡುವೆ ಸಣ್ಣ ಗುಂಡಿಗಳಿರುವ ಆ ಜಿಎಫ್‌ಸಿಐ ಸಾಕೆಟ್ ಒದ್ದೆಯ ಶಾಕ್ ತಡೆಯುವುದಕ್ಕೆ ಇರುವುದು. ಅಡುಗೆಮನೆಯ ಸಾಕೆಟ್, ಕೆಲವೊಮ್ಮೆ ಹೊರಗಿನ ಸಾಕೆಟ್ ಕೂಡ ಅದರ ಹಿಂದೆಯೇ ಜೋಡಣೆಯಾಗಿರುತ್ತವೆ. ಹೊರಗಿನದಕ್ಕೆ ಮಳೆಹನಿ ಬಿದ್ದರೆ ಒಳಗಿನವೂ ಸಾಯುತ್ತವೆ. ರೀಸೆಟ್ ಗುಂಡಿ ಒತ್ತಿದರೆ ಮುಗಿಯಿತು.

ಇನ್ನೊಂದು ಅಪಾಯ ಕಡಿಮೆ ವೋಲ್ಟೇಜು. ಸುಡುಬಿಸಿಲಿನ ಮಧ್ಯಾಹ್ನ ಕ್ಯಾಂಪಿನಲ್ಲಿರುವ ಎಲ್ಲರೂ ಎ.ಸಿ. ಹಾಕಿದಾಗ ಹಳೆಯ ವೈರಿಂಗಿನಲ್ಲಿ 120 ಎಂಬುದು 105ಕ್ಕೆ ಇಳಿದೀತು. ದೀಪಕ್ಕೆ ಏನೂ ಆಗುವುದಿಲ್ಲ, ಎ.ಸಿ.ಯ ಕಂಪ್ರೆಸರ್ ಕಾದು ಸುಡುತ್ತದೆ. 104ರ ಕೆಳಗಿಳಿದರೆ ತಾನೇ ಕರೆಂಟ್ ಕಡಿಯುವ ರಕ್ಷಣಾ ಪೆಟ್ಟಿಗೆಗಳು ಸಿಗುತ್ತವೆ, ಹೊಸ ಎ.ಸಿ.ಯ ಬೆಲೆ ನೋಡಿದರೆ ಅದು ದುಬಾರಿಯಲ್ಲ. ಕಂಬದ ಬ್ರೇಕರ್ ಆಫ್ ಮಾಡಿ ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ. ತೆಗೆಯುವಾಗಲೂ ಹಾಗೆಯೇ. ಪ್ಲಗ್ಗಿನ ಹಲ್ಲುಗಳು ಕಪ್ಪಾಗಿದ್ದರೆ ಅದು ಸುಡುತ್ತಿದೆ ಎಂದರ್ಥ, ಬದಲಾಯಿಸಿ.

ಮೊದಲು ಒಲೆ ಹಚ್ಚಿ

ಗ್ಯಾಸಿನ ಅನುಮಾನ ಬಂದಾಗ ಮೊದಲ ಪರೀಕ್ಷೆ ಒಲೆಯದು. ಬೆಂಕಿಕಡ್ಡಿಯಿಂದ ಹಚ್ಚಬಹುದಾದ, 12 ವೋಲ್ಟಿನ ಹಂಗಿಲ್ಲದ ಗ್ಯಾಸ್ ಉಪಕರಣ ಗಾಡಿಯಲ್ಲಿ ಅದೊಂದೇ. ಒಲೆ ನೀಲಿಯಾಗಿ ಜೋರಾಗಿ ಉರಿದರೆ ಗ್ಯಾಸ್ ಬರುತ್ತಿದೆ, ತಪ್ಪು ಬೇರೆಡೆ ಇದೆ. ಒಲೆ ಮಂಕಾಗಿ ಉರಿದರೆ ಸಿಲಿಂಡರ್ ಹತ್ತಿರ ಹೋಗಿ. ಅದರ ಬಾಯಲ್ಲಿ ಪೈಪು ಹರಿದರೆ ಗ್ಯಾಸ್ ತಡೆಯುವ ಕಾವಲು ವಾಲ್ವ್ ಇರುತ್ತದೆ. ನಲ್ಲಿಯನ್ನು ಒಮ್ಮೆಲೇ ಪೂರಾ ತಿರುಗಿಸಿದರೆ ಆ ವಾಲ್ವ್ ‘ಪೈಪು ಹರಿಯಿತು’ ಎಂದು ತಪ್ಪು ತಿಳಿದು ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗಿನ ಎಲ್ಲ ಉಪಕರಣ ಆರಿಸಿ, ಸಿಲಿಂಡರ್ ಮುಚ್ಚಿ, ಸ್ವಲ್ಪ ಕಾದು, ಮತ್ತೆ ನಿಧಾನಕ್ಕೆ ತಿರುಗಿಸಿ. ಎಷ್ಟೋ ‘ಕೆಟ್ಟ ರೆಗ್ಯುಲೇಟರ್’ಗಳು ಇಷ್ಟಕ್ಕೇ ಸರಿಹೋಗುತ್ತವೆ.

ಒಲೆ ಚೆನ್ನಾಗಿ ಉರಿಯುತ್ತಿದೆ, ವಾಟರ್ ಹೀಟರ್ ಮಾತ್ರ ಹಳದಿ ಜ್ವಾಲೆಯಲ್ಲಿ ಭುಸುಗುಡುತ್ತಿದೆ ಎಂದರೆ ಜೇಡ ಮನೆ ಮಾಡಿರಬೇಕು. ಜೇಡಗಳೂ ಕಣಜಗಳೂ ಬಂದು ಬರ್ನರಿನ ಕೊಳವೆಯಲ್ಲಿ ಗೂಡು ಕಟ್ಟುತ್ತವೆ. ಗಾಡಿ ನಿಂತಿದ್ದ ಚಳಿಗಾಲದ ನಂತರ ಇದು ಮಾಮೂಲು. ಕೊಳವೆ ಶುಚಿ ಮಾಡಿ, ಹೊರಗಿನ ಕಿಂಡಿಗೆ ಜಾಲರಿ ಹಾಕಿ.

ಫ್ರಿಜ್ಜಿನ ಕಥೆ ಬೇರೆ. ಹೊಸ ಗಾಡಿಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬಂದಿದೆ. ಹಳೆಯವುಗಳಲ್ಲಿ ಇರುವುದು ಬಿಸಿ ಕೊಟ್ಟರೆ ತಣ್ಣಗಾಗುವ ಫ್ರಿಜ್. ಸ್ವೀಡನ್ನಿನ ಬಾಲ್ಟ್‌ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಕಂಡುಹಿಡಿದದ್ದು. ಅದರಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗವೂ ಇಲ್ಲ. ಗ್ಯಾಸಿನ ಜ್ವಾಲೆಯೋ ಕರೆಂಟಿನ ಕಾಯಿಲೋ ಕಾಯಿಸಿದಾಗ ಅಮೋನಿಯ ನೀರಿನಿಂದ ಬೇರ್ಪಟ್ಟು ಮೇಲೇರಿ, ತಣಿದು, ಹೈಡ್ರೊಜನ್ ಜೊತೆ ಬೆರೆತು ಆವಿಯಾಗುತ್ತಾ ಒಳಗಿನ ಶಾಖ ಹೀರಿ, ಮತ್ತೆ ನೀರಿಗೆ ಸೇರಿ ಇಳಿಯುತ್ತದೆ. ಇಳಿಯುವುದು ತನ್ನ ಭಾರದಿಂದಲೇ. ಅದಕ್ಕಾಗಿ ಗಾಡಿ ಮಟ್ಟಸವಾಗಿ ನಿಂತಿರಬೇಕು. ಓರೆಯಾಗಿ ನಿಂತಲ್ಲಿ ದ್ರವ ಮಡುಗಟ್ಟುತ್ತದೆ, ಕಾಯಿಸುವ ಜಾಗ ಒಣಗುತ್ತದೆ, ತುಕ್ಕು ತಡೆಯಲು ಹಾಕಿದ ಲವಣ ಹರಳುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಆಮೇಲೆ ಅದು ಸರಿಹೋಗುವುದಿಲ್ಲ. ಓಡುವಾಗ ಅಲುಗಾಟವಿರುವುದರಿಂದ ತೊಂದರೆಯಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಊಟ ಮಾಡಿ ನಿದ್ದೆ ಹೊಡೆಯುವಾಗ ತೊಂದರೆ. ಈ ಫ್ರಿಜ್ಜಿಗೆ ಆತುರವೂ ಆಗದು. ಹೊರಡುವ ಹಿಂದಿನ ದಿನವೇ ಹಾಕಿ, ಮನೆಯ ಫ್ರಿಜ್ಜಿನಲ್ಲಿ ತಣಿದ ಮೊಸರು, ದೋಸೆಹಿಟ್ಟನ್ನು ತಂದಿಡಿ. ಬೆಚ್ಚಗಿನ ಹಿಟ್ಟಿನ ಪಾತ್ರೆ ಇಟ್ಟರೆ ಹಿಟ್ಟು ಹುಳಿ ಹಿಡಿದು ಉಕ್ಕುತ್ತದೆ. ಅಮೋನಿಯದ ಕಟುವಾಸನೆ ಬಂದರೆ ಫ್ರಿಜ್ ಆರಿಸಿ, ಕಿಟಕಿ ತೆರೆದು ಹೊರಗೆ ಬನ್ನಿ.

ನೆಲದ ಹತ್ತಿರ ಪೀಂಗುಟ್ಟುವ ಪೆಟ್ಟಿಗೆ ಗ್ಯಾಸ್ ಡಿಟೆಕ್ಟರ್. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ, ಅದಕ್ಕೇ ಅಲ್ಲಿದೆ. ಬ್ಯಾಟರಿ ಇಳಿದಾಗಲೂ, ತನ್ನ ಆಯುಸ್ಸು ತೀರಿದಾಗಲೂ ಅದು ಕೂಗುತ್ತದೆ. ಗ್ಯಾಸ್ ಡಿಟೆಕ್ಟರ್, ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಎರಡಕ್ಕೂ ಸಾಮಾನ್ಯವಾಗಿ 5ರಿಂದ 7 ವರ್ಷ ಆಯುಸ್ಸು. ಹಿಂಬದಿಯಲ್ಲಿ ತಯಾರಾದ ತಾರೀಕು ಇರುತ್ತದೆ. ಕಿರಿಕಿರಿ ಎಂದು ವೈರ್ ಕಿತ್ತವರಿದ್ದಾರೆ. ಆ ಕೆಲಸ ಮಾತ್ರ ಬೇಡ. ಚಳಿ ಎಂದು ಒಲೆ ಹಚ್ಚಿಟ್ಟು ಮಲಗುವುದೂ ಬೇಡ. ಅದರ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಒಳಗಿನ ನೀರು, ಹೊರಗಿನ ನೀರು

ಯಾರೂ ನಲ್ಲಿ ತೆರೆದಿಲ್ಲ, ಆದರೂ ನಡುರಾತ್ರಿ ಪಂಪು ಎರಡು ಸೆಕೆಂಡು ಗುರ್ ಎಂದು ನಿಲ್ಲುತ್ತದೆ. ಭೂತವಲ್ಲ. ಎಲ್ಲೋ ನೀರು ಜಿನುಗಿ ಪೈಪಿನ ಒತ್ತಡ ಇಳಿಯುತ್ತಿದೆ. ಕಮೋಡಿನ ವಾಲ್ವ್, ಹೊರಗಿನ ಶವರ್, ಸಿಂಕಿನ ಕೆಳಗಿನ ಜೋಡಣೆಗಳನ್ನು ಒಣ ಕಾಗದದಿಂದ ಒರೆಸಿ ನೋಡಿ. ಎಲ್ಲೂ ಒದ್ದೆಯಿಲ್ಲದಿದ್ದರೆ ಪಂಪಿನೊಳಗಿನ ವಾಲ್ವ್ ನೀರನ್ನು ಹಿಂದಕ್ಕೆ ಬಿಡುತ್ತಿದೆ. ಪಂಪು ಓಡುತ್ತಲೇ ಇದ್ದು ನೀರು ಬರದಿದ್ದರೆ ಟ್ಯಾಂಕ್ ಖಾಲಿಯಾಗಿದೆ, ಇಲ್ಲವೇ ಪಂಪಿನ ಮುಂದಿನ ಜಾಲರಿಯ ಮುಚ್ಚಳ ಸಡಿಲವಾಗಿ ಗಾಳಿ ಎಳೆಯುತ್ತಿದೆ. ಕ್ಯಾಂಪಿನ ನಲ್ಲಿಗೆ ನೇರ ಜೋಡಿಸುವಾಗ 45–50 ಪಿಎಸ್‌ಐಗೆ ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿಯೇ ಜೋಡಿಸಿ. ಕೆಲವು ಕ್ಯಾಂಪುಗಳ ಒತ್ತಡಕ್ಕೆ ಗಾಡಿಯ ಪ್ಲಾಸ್ಟಿಕ್ ಜೋಡಣೆಗಳು ಕಿತ್ತುಹೋಗುತ್ತವೆ.

ಏಪ್ರಿಲ್ ತಿಂಗಳ ಫೋನ್ ಕರೆ ಯಾವಾಗಲೂ ಬಿಸಿನೀರಿನದ್ದೇ. ಮಿನ್ನೆಸೋಟ, ಮಿಷಿಗನ್ ಕಡೆಯವರು ಚಳಿಗಾಲಕ್ಕೆ ಪೈಪುಗಳಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಿಡುತ್ತಾರೆ. (ಕಾರಿಗೆ ಹಾಕುವ ಹಸಿರಿನದು ವಿಷ, ಅದನ್ನು ಮುಟ್ಟಬೇಡಿ.) ಆಗ ವಾಟರ್ ಹೀಟರ್ ಟ್ಯಾಂಕನ್ನು ಬೈಪಾಸ್ ಮಾಡಿರುತ್ತಾರೆ. ವಸಂತದಲ್ಲಿ ಆ ವಾಲ್ವುಗಳನ್ನು ವಾಪಸ್ ತಿರುಗಿಸಲು ಮರೆಯುತ್ತಾರೆ. ಹೀಟರ್ ಕಾಯುತ್ತಿದೆ, ನಲ್ಲಿಯಲ್ಲಿ ಮಾತ್ರ ಬಿಸಿನೀರಿಲ್ಲ. ಇದರಲ್ಲಿ ಒಂದು ಗಂಡಾಂತರವೂ ಉಂಟು: ಟ್ಯಾಂಕಿನಲ್ಲಿ ನೀರಿಲ್ಲದೆ ಕರೆಂಟಿನ ಕಾಯಿಲ್ ಹಾಕಿದರೆ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬಂದದ್ದನ್ನು ನೋಡಿಯೇ ಸ್ವಿಚ್ ಹಾಕಿ.

ಹೊರಹೋಗುವ ನೀರಿಗೆ ಎರಡು ಟ್ಯಾಂಕು: ಸಿಂಕು–ಶವರಿನದು ಗ್ರೇ, ಕಮೋಡಿನದು ಬ್ಲ್ಯಾಕ್. ಹೊಸಬರ ದೊಡ್ಡ ತಪ್ಪು, ಕೊಳವೆ ಸದಾ ಜೋಡಿಸಿದೆಯಲ್ಲ ಎಂದು ಬ್ಲ್ಯಾಕ್ ವಾಲ್ವನ್ನು ತೆರೆದೇ ಇಡುವುದು. ನೀರು ಹರಿದುಹೋಗಿ ಗಟ್ಟಿಯಾದದ್ದು ಅಲ್ಲೇ ಗುಡ್ಡೆ ಬೀಳುತ್ತದೆ, ಅದನ್ನು ಕರಗಿಸುವುದು ನರಕಯಾತನೆ. ವಾಲ್ವ್ ಮುಚ್ಚಿಡಿ, ಧಾರಾಳವಾಗಿ ನೀರು ಬಿಡಿ, ಮೂರರಲ್ಲಿ ಎರಡು ಪಾಲು ತುಂಬಿದಮೇಲೆ ಒಮ್ಮೆಗೇ ಬಿಡಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸಾಬೂನು ನೀರಿನಲ್ಲಿ ಕೊಳವೆ ತೊಳೆದ ಹಾಗಾಗುತ್ತದೆ. ನೀರು ಧಾರಾಳ ಬಳಸುವ ನಮ್ಮವರ ಅಭ್ಯಾಸ ಇಲ್ಲಿ ವರ. ಖಾಲಿ ಮಾಡಿದಮೇಲೂ ಮೀಟರು ಮುಕ್ಕಾಲು ಎಂದು ತೋರಿಸಿದರೆ ಸೆನ್ಸರಿಗೆ ಕಾಗದ ಅಂಟಿದೆ ಎಂದು ತಿಳಿಯಿರಿ. ಗಾಡಿಯಲ್ಲಿ ನಾತ ಬಂದರೆ ಮೊದಲು ಬಳಸದ ಸಿಂಕಿಗೆ, ಶವರಿಗೆ ಒಂದೊಂದು ಲೋಟ ನೀರು ಹುಯ್ಯಿರಿ. ಬಾಗಿದ ಪೈಪಿನಲ್ಲಿ ನಿಂತು ವಾಸನೆ ತಡೆಯುವ ನೀರು ಕುಲುಕಾಟಕ್ಕೆ ಚೆಲ್ಲಿಹೋಗಿರುತ್ತದೆ.

ಸದ್ದಿಲ್ಲದವು

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನವಕ್ಕೆ ದುಡ್ಡಿನ ಖರ್ಚು ತೀರಾ ಕಡಿಮೆ. ಇನ್ನು ಹೇಳುವವು ಗಾಡಿಯನ್ನೇ ನುಂಗುವಂಥವು.

ಮೊದಲನೆಯದು ಚಾವಣಿ. ಬಹುತೇಕ ಗಾಡಿಗಳ ಚಾವಣಿ ಮರದ ಹಲಗೆಯ ಮೇಲೆ ಹಾಸಿದ ರಬ್ಬರಿನ ಹಾಳೆ. ಎ.ಸಿ., ಫ್ಯಾನು, ಆಂಟೆನಾ, ಗಾಳಿಕೊಳವೆ ಎಂದು ಅದರಲ್ಲಿ ಹತ್ತಾರು ತೂತು. ಪ್ರತಿ ತೂತಿನ ಅಂಚಿಗೂ ಸೀಲಂಟ್ ಸುರಿದಿರುತ್ತಾರೆ. ಬಿಸಿಲಿಗೆ, ಓಡಾಟದ ತಿರುಚಾಟಕ್ಕೆ ಸೀಲಂಟ್ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು. ನೀರು ಒಳಸೇರಿದ ಕೂಡಲೇ ಒಳಗೆ ತೊಟ್ಟಿಕ್ಕುವುದಿಲ್ಲ. ಗೋಡೆಯ ಒಳಗಿನ ಮರದಲ್ಲಿ ಇಳಿದು ಕೊಳೆಯಿಸುತ್ತಾ ಹೋಗುತ್ತದೆ. ಗೋಡೆಯ ಹೊರಮೈ ಉಬ್ಬುವ, ಮೂಲೆಯಲ್ಲಿ ಕಾಲಿಟ್ಟರೆ ನೆಲ ಕುಸಿಯುವ ಹೊತ್ತಿಗೆ ರಿಪೇರಿಯ ಖರ್ಚು ಗಾಡಿಯ ಬೆಲೆಯನ್ನು ಸಮೀಪಿಸಿರುತ್ತದೆ. ಮೂರು ತಿಂಗಳಿಗೊಮ್ಮೆ ಏಣಿ ಹಾಕಿ. ಪ್ರತಿ ಅಂಚನ್ನೂ ಕೈಬೆರಳಿನಿಂದ ಒತ್ತಿ ನೋಡಿ. ಬಿರಿದ ಜಾಗ ತೊಳೆದು ಒಣಗಿಸಿ ಚಾವಣಿಗೆಂದೇ ಬರುವ, ತಾನೇ ಹರಡಿಕೊಳ್ಳುವ ಸೀಲಂಟ್ ಹಾಕಿ. ಸಿಲಿಕೋನ್ ಬೇಡ, ಒಮ್ಮೆ ಹಾಕಿದರೆ ಅದರ ಮೇಲೆ ಮುಂದೆ ಬೇರೇನೂ ಅಂಟುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೊಳೆಯುವ ಅಡುಗೆಮನೆ ನೋಡುವ ಮೊದಲು ಮಂಚದ ಕೆಳಗಿನ ಮೂಲೆ, ಕಪಾಟಿನ ಒಳಮೂಲೆಗಳನ್ನು ಒತ್ತಿ, ಮೂಸಿ ನೋಡಬೇಕು.

ಎರಡನೆಯದು ಟಯರ್. ಆರ್‌ವಿ ವರ್ಷದ ಬಹುಭಾಗ ನಿಂತೇ ಇರುತ್ತದೆ. ಹಾಗಾಗಿ ಗೀರು ಸವೆಯುವ ಮೊದಲೇ ರಬ್ಬರು ಮುದಿಯಾಗುತ್ತದೆ. ಬದಿಯಲ್ಲಿ ಡಿಓಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 5–7 ವರ್ಷ ದಾಟಿದ್ದರೆ ನೋಡಲು ಹೊಸದರಂತಿದ್ದರೂ ಬದಲಿಸಿ. ಟ್ರೇಲರಿನ ಟಯರ್ ಸಿಡಿದರೆ ಪಂಕ್ಚರಿನಂತೆ ಮುಗಿಯುವುದಿಲ್ಲ. ಹರಿದ ರಬ್ಬರು ಗಾಲಿಯ ಮೇಲಿನ ನೆಲ, ನೀರಿನ ಪೈಪು, ಕೆಲವೊಮ್ಮೆ ಗ್ಯಾಸಿನ ಪೈಪನ್ನೂ ಕಿತ್ತೊಯ್ಯುತ್ತದೆ. ಗಾಳಿಯನ್ನು ಬೆಳಗ್ಗೆ ಹೊರಡುವ ಮುನ್ನ, ಟಯರ್ ತಣ್ಣಗಿದ್ದಾಗ ಅಳೆಯಿರಿ. ಬಿಸಿಯಾದಾಗ ಒತ್ತಡ ಏರುವುದು ಸಹಜ, ಗಾಬರಿಯಿಂದ ಗಾಳಿ ಬಿಡಬೇಡಿ.

ಮೂರನೆಯದು ತೂಕ. ಬಾಗಿಲ ಬಳಿಯ ಹಳದಿ ಚೀಟಿಯಲ್ಲಿ ಈ ಗಾಡಿಗೆ ಇಂತಿಷ್ಟು ಪೌಂಡು ಸಾಮಾನು ಹೇರಬಹುದು ಎಂದು ಬರೆದಿರುತ್ತದೆ. ಅದರಲ್ಲಿ ನೀರೂ ಸೇರಿದೆ ಎಂಬುದನ್ನು ಮರೆಯುತ್ತೇವೆ. 40 ಗ್ಯಾಲನ್ ನೀರೆಂದರೆ 330 ಪೌಂಡು, 150 ಕಿಲೊ. ಅದರ ಮೇಲೆ ಅಕ್ಕಿ, ಬೇಳೆ, ಕುಕ್ಕರು, ನಾಲ್ಕು ಸೂಟ್‌ಕೇಸು. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ತೂಕದ ಕಟ್ಟೆಗಳಿವೆ. ಸಂಸಾರ ಸಮೇತ ಒಮ್ಮೆ ತೂಗಿಸಿ. ಟ್ರೇಲರ್ ಆದರೆ ಅದರ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಕ್ಕೆಯ ಮೇಲೆ ಬೀಳಬೇಕು. ಭಾರವನ್ನೆಲ್ಲ ಹಿಂದಕ್ಕೆ ಹೇರಿದರೆ ವೇಗದಲ್ಲಿ ಬಾಲ ಅಲ್ಲಾಡತೊಡಗಿ ಎಳೆಯುವ ಗಾಡಿಯನ್ನೂ ಮಗುಚಬಲ್ಲದು.

ಎತ್ತರವೂ ಇದೇ ಜಾತಿಗೆ ಸೇರಿದ್ದು. ನಾರ್ತ್ ಕೆರೊಲಿನಾದ ಡರಮ್ ಊರಿನಲ್ಲಿ 11 ಅಡಿ 8 ಇಂಚಿನ ರೈಲುಸೇತುವೆಯೊಂದಿತ್ತು. ಎಚ್ಚರಿಕೆಯ ಫಲಕ, ದೀಪ ಎಲ್ಲ ಇದ್ದರೂ ಎಷ್ಟೋ ಟ್ರಕ್ಕುಗಳ, ಆರ್‌ವಿಗಳ ಚಾವಣಿಯನ್ನು ಅದು ಸುಲಿದು ಹಾಕಿತು. 2019ರಲ್ಲಿ 8 ಇಂಚು ಎತ್ತರಿಸಿದರೂ ಅದರ ಖ್ಯಾತಿ ಕುಂದಿಲ್ಲ. ಎ.ಸಿ. ಸೇರಿಸಿ ನಿಮ್ಮ ಗಾಡಿಯ ಎತ್ತರ ಅಳೆದು, ಚೀಟಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ. ಕಾರಿನ ದಾರಿ ತೋರಿಸುವ ಮ್ಯಾಪಿಗೆ ನಿಮ್ಮ ತಲೆಯ ಮೇಲೇನಿದೆ ಎಂಬುದು ತಿಳಿಯದು.

ನಮ್ಮೂರಿನ ಕ್ಯಾಂಪರ್‌ವ್ಯಾನ್‌ಗಳು

ಈ ಗೀಳು ಬೆಂಗಳೂರಿಗೂ ಬಂದಿದೆ; ಟೆಂಪೊ ಟ್ರಾವೆಲರನ್ನು ಮನೆ ಮಾಡಿಕೊಂಡು ಲಡಾಖಿಗೆ ಹೊರಟವರಿದ್ದಾರೆ. 12 ವೋಲ್ಟಿನ ಪಾಠ ಅಲ್ಲೂ ಅದೇ. ಕರೆಂಟಿನ ಲೆಕ್ಕ ಮಾತ್ರ ಬೇರೆ: ನಮ್ಮ 230 ವೋಲ್ಟಿನ 16 ಆಂಪ್ಸ್ ಸಾಕೆಟ್ ಕೊಡುವುದು 3,680 ವಾಟ್, ಅಮೆರಿಕದ 30 ಆಂಪ್ಸ್ ಕಂಬದಷ್ಟೇ. ಹೋಂಸ್ಟೇಯವರು ವರಾಂಡದ 6 ಆಂಪ್ಸ್ ಸಾಕೆಟ್ ತೋರಿಸಿದರೆ 1,380 ವಾಟಿಗೆ ತೃಪ್ತರಾಗಬೇಕು. ನಮ್ಮ ಅಡುಗೆ ಅನಿಲದಲ್ಲಿ ಪ್ರೊಪೇನಿನ ಜೊತೆ ಬ್ಯೂಟೇನ್ ಕೂಡ ಇದೆ. ಪ್ರೊಪೇನ್ −42 ಡಿಗ್ರಿಯಲ್ಲೂ ಆವಿಯಾಗುತ್ತದೆ, ಬ್ಯೂಟೇನ್ 0 ಡಿಗ್ರಿಯ ಹತ್ತಿರವೇ ಕೈ ಚೆಲ್ಲುತ್ತದೆ. ಲೇಹ್‌ನ ಮುಂಜಾನೆ ಒಲೆ ಮಂಕಾದರೆ ಸಿಲಿಂಡರ್ ಖಾಲಿ ಎಂದು ಬಿಸಾಡಬೇಡಿ, ಬಿಸಿಲೇರಲಿ. ಬೆಂಕಿಯಿಂದ ಮಾತ್ರ ಅದನ್ನು ಕಾಯಿಸಲು ಹೋಗಬೇಡಿ.

ಕಾನೂನಿನ ಕಡೆಯೂ ಗಮನವಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಲ್ಲಿರುವ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕಾರವಾನ್ ಕಟ್ಟುವುದಕ್ಕೆಂದೇ ಎಐಎಸ್–124 ಎಂಬ ಮಾನದಂಡವಿದೆ. ಗ್ಯಾರೇಜಿನವನು ‘ಏನೂ ಆಗಲ್ಲ ಬಿಡಿ ಸಾರ್’ ಎಂದರೆ, ಅಪಘಾತವಾದ ದಿನ ವಿಮೆಯವರು ಹಾಗೆನ್ನುತ್ತಾರೆಯೇ ಎಂದು ಯೋಚಿಸಿ.

ಮನೆಯೆದುರಿನ ರಾತ್ರಿ

ಗಾಡಿಯಲ್ಲಿ ಒಂದು ಡಬ್ಬಿ ಇರಲಿ: ಮಲ್ಟಿಮೀಟರ್, ಬೇರೆ ಬೇರೆ ಆಂಪ್ಸಿನ ಫ್ಯೂಸುಗಳು, ಟಯರ್ ಗೇಜು, ಗ್ಯಾಸ್ ಜೋಡಣೆಗೆ ಬಳಿದು ಗುಳ್ಳೆ ನೋಡಲು ಸಾಬೂನು ನೀರು, ಸೀಲಂಟ್, ಟಾರ್ಚು. ಫ್ಯೂಸ್ ಹೋದರೆ ಅದೇ ಅಳತೆಯದ್ದನ್ನೇ ಹಾಕಿ. ದೊಡ್ಡದು ಹಾಕಿದರೆ ಮುಂದೆ ಸುಡುವುದು ಫ್ಯೂಸಲ್ಲ, ವೈರು.

ಎಲ್ಲಕ್ಕಿಂತ ಉಪಯುಕ್ತವಾದದ್ದು ಒಂದು ರಾತ್ರಿಯ ನಾಟಕ. ಪ್ರವಾಸ ಹೊರಡುವ ಹಿಂದಿನ ವಾರ ಗಾಡಿಯನ್ನು ಮನೆಯೆದುರೇ ನಿಲ್ಲಿಸಿ, ಪ್ಲಗ್ ಹಾಕದೆ, ಮನೆಯ ನಲ್ಲಿಗೂ ಜೋಡಿಸದೆ, ಸಂಸಾರವೆಲ್ಲ ಅದರಲ್ಲೇ ಅಡುಗೆ ಮಾಡಿ, ಸ್ನಾನ ಮಾಡಿ, ಮಲಗಿ. ಮರೆತ ಬೈಪಾಸ್ ವಾಲ್ವ್, ಸೊರಗಿದ ಬ್ಯಾಟರಿ, ಜೇಡದ ಗೂಡು ಎಲ್ಲವೂ ಆ ರಾತ್ರಿಯೇ ಬಯಲಿಗೆ ಬರುತ್ತವೆ, ಹಾರ್ಡ್‌ವೇರ್ ಅಂಗಡಿ ಎರಡು ಮೈಲಿ ದೂರದಲ್ಲಿರುವಾಗ. ಏನೂ ಕೆಡದೆ ಬೆಳಗಾದರೆ ಸಂತೋಷ. ಕಾಫಿ ಕುಡಿದು, ಏಣಿ ಹಾಕಿ, ಚಾವಣಿ ಹತ್ತಿ.